ಒಳಜೇಬಿನ ಸರ

ಗುಣವತಿಯ ಚಿನ್ನದ ಸರ ಕಾಣೆಯಾದಾಗ ಅವಳ ಗಂಡ ಸಂದೇಶ್ ಅನುಮಾನಪಟ್ಟದ್ದು, ಆರು ವರ್ಷದಿಂದ ಮನೆಗೆಲಸಕ್ಕೆ ಬರುತ್ತಿದ್ದ ಭೀಮಾಬಾಯಿಯನ್ನು. ಅಕ್ಕಪಕ್ಕದವರು ನೋಡುತ್ತಿದ್ದಂತೆಯೇ ಅವಳ ಚೀಲ ಕೊಡವಿದ. ಏನೂ ಸಿಗಲಿಲ್ಲ. ಆದರೂ ಕೆಲಸದಿಂದ ಬಿಡಿಸಿದ.

ಹದಿನೈದು ದಿನದ ಮೇಲೆ ಸರ ಅವನದೇ ಆಫೀಸ್ ಬ್ಯಾಗಿನ ಒಳಜೇಬಿನಲ್ಲಿ ಸಿಕ್ಕಿತು. ಕೊಂಡಿ ಸರಿಮಾಡಿಸಲೆಂದು ತಾನೇ ಇಟ್ಟು ಮರೆತಿದ್ದ. ಎದುರಿಗೆ ಹತ್ತನೇ ಕ್ಲಾಸಿನ ಮಗಳು ನಿಖಿತಾ ನಿಂತಿದ್ದಳು.

“ಅಪ್ಪಾ, ಭೀಮಾ ಆಂಟಿಗೆ ಫೋನ್ ಮಾಡಿ.”

“ಮಾಡುವ ಮಗಾ, ಸ್ವಲ್ಪ ನಿಲ್ಲು.”

“ಕಳ್ಳಿ ಅಂತ ಓಡಿಸಿ ಆಯ್ತು,” ಎಂದಳು ಗುಣವತಿ. “ಈಗ ಯಾವ ಮುಖ ಇಟ್ಟುಕೊಂಡು ಕರೆಯುವುದು? ಬಿಡಿ.” ಅವನು ಬಿಟ್ಟ.

ಸಂದೇಶ್ ಆ ತಮಿಳು ನಗರದ ಕನ್ನಡ ಚರ್ಚಿನ ಸಭೆಯಲ್ಲಿ ಹಿರಿಯ. ಆ ಭಾನುವಾರ ಆರಾಧನೆ ಮುಗಿದ ಮೇಲೆ, ಮಕ್ಕಳು ನಾವು ಹೇಳಿದ್ದನ್ನಲ್ಲ, ಮಾಡಿದ್ದನ್ನು ಕಲಿಯುತ್ತಾರೆ ಎಂದು ತಂದೆತಾಯಿಯರಿಗೆ ಬೋಧಿಸಿದ. ನಿಖಿತಾ ಎರಡನೇ ಸಾಲಿನಲ್ಲಿ ಕೂತು ಕೇಳಿದಳು. ಅಂದಿನಿಂದ ಮನೆಯ ಸಂಜೆ ಪ್ರಾರ್ಥನೆಗೆ ಬರುವುದನ್ನು ನಿಲ್ಲಿಸಿದಳು. ಕೇಳಿದರೆ “ಹೋಂವರ್ಕ್ ಇರುಕ್ಕು”, ಹೋಂವರ್ಕ್ ಇದೆ, ಎಂದು ಶಾಲೆಯ ತಮಿಳಿನಲ್ಲಿ ಉತ್ತರ.

ನಾಲ್ಕು ತಿಂಗಳ ನಂತರ ಅವಳ ತಮ್ಮ, ಎಂಟು ವರ್ಷದ ವರುಣ್, ಟ್ಯಾಬ್ ಬೀಳಿಸಿ ಒಡೆದ. ಬಾಗಿಲಲ್ಲಿ ನಿಂತಿದ್ದ ಸಂದೇಶ್ ಅದನ್ನು ಕಣ್ಣಾರೆ ನೋಡಿದ್ದ. ಯಾರು ಒಡೆದದ್ದು ಎಂದು ಕೇಳಿದ್ದಕ್ಕೆ ಹುಡುಗ ರೆಪ್ಪೆ ಬಡಿಯದೆ ಹೊಸ ಕೆಲಸದವಳ ಕಡೆ ಕೈ ತೋರಿಸಿದ. ಗದರಿಸಹೊರಟ ಸಂದೇಶನಿಗೆ ತಾನು ಕೊಡವಿದ ಚೀಲ ನೆನಪಾಯಿತು.

ಮರುದಿನ ರಜೆ ಹಾಕಿ, ಮಾಧವರಂ ಡೈರಿಯ ಹಿಂದಿನ ಓಣಿಗೆ ಹೋದ. ಭೀಮಾಬಾಯಿಯ ಮನೆಗೆ ಬೀಗ. ಪಕ್ಕದ ಜಗಲಿಯಲ್ಲಿ ಅವಳ ಊರಿನ ಕಡೆಯವನೇ ಆದ ಮುದುಕ ಕಾಂತಪ್ಪ ಕೂತಿದ್ದ.

“ಕಳವಿನ ಮಾತು ಹಬ್ಬಿದ ಮ್ಯಾಲ ಯಾರೂ ಕೆಲಸ ಕೊಡಲಿಲ್ರೀ. ಊರಿಗೆ ಹೋದ್ಲು. ಹೋದ ತಿಂಗಳು ತೀರಿಕೊಂಡ್ಲಂತ. ಜ್ವರದಾಗೂ ‘ನಾ ತಗೊಂಡಿಲ್ಲ’ ಅಂತಿದ್ಲಂತ.” ಮುದುಕ ತಲೆಯೆತ್ತಿ ನೋಡಿದ. “ನೀವು ಯಾರ್ರೀ?”

ಸರ ಸಿಕ್ಕಿತು ಎಂದು ಹೇಳಲು ಸಂದೇಶ್ ಬಾಯಿ ತೆರೆದ. “ಗೊತ್ತಿದ್ದವರು,” ಎಂದಷ್ಟೇ ಹೇಳಿ ಸ್ಕೂಟರ್ ಹತ್ತಿದ.

ಮನೆಯಲ್ಲಿ ನಿಖಿತಾಳ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿಕೊಂಡ. ಅವಳ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ಕೇಳಿದಳು:

“ಸರ ನಿಮ್ಮ ಬ್ಯಾಗಲ್ಲೇ ಇತ್ತು ಅಂತ ಆ ತಾತನಿಗೆ ಹೇಳಿದ್ರಾ?”

ಸಂದೇಶ್ ತಲೆ ತಗ್ಗಿಸಿದ. “ನಾಳೆ ಹೋಗಿ ಹೇಳ್ತೇನೆ ಮಗಾ.”

ಅವಳು ಎದ್ದು ಕೋಣೆಗೆ ಹೋದಳು. ಮರುದಿನ ಆಫೀಸಿನಲ್ಲಿ ಮೀಟಿಂಗ್ ಇತ್ತು. ಅದರ ಮರುದಿನ ಏನೂ ಇರಲಿಲ್ಲ. ಆದರೂ ಅವನು ಹೋಗಲಿಲ್ಲ.