ಅವ್ವ ಎಂದರೆ ಸಾಕು

ಮೈಕಿನ ಮುಂದೆ ಊರ ಪುಢಾರಿ ಸುನೀಲಕುಮಾರ 'ಅವ್ವ' ಎಂದು ದನಿ ಎಳೆದದ್ದೇ ತಡ, ಬೀರಪ್ಪನ ಗುಡಿಕಟ್ಟೆಯ ಮುಂದೆ ಕುಳಿತಿದ್ದ ಗಂಡಸರು ಮೂಗೆಳೆಯತೊಡಗಿದರು. ರಂಗವ್ವನಿಗೆ ಮೈ ಉರಿಯಿತು. ಅವ್ವನಂತೆ ಅವ್ವ! ಇವನ ಅವ್ವ ನೀಲಾಬಾಯಿ ಕೆರೂರಿನಲ್ಲಿ ಮಗಳ ಮನೆಯ ಪಡಸಾಲೆಯಲ್ಲಿ ಬಿದ್ದುಕೊಂಡು ವರ್ಷಗಳೇ ಆಗಿದ್ದವು. ಮಗರಾಯ ಒಮ್ಮೆಯೂ ಹಣಿಕಿ ನೋಡಿರಲಿಲ್ಲ. ಇದು ಗೊತ್ತಿಲ್ಲದವರು ಊರಲ್ಲಿ ಯಾರೂ ಇರಲಿಲ್ಲ. ಗೊತ್ತಿದ್ದವರೇ ಈಗ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಸಭೆ ಕರೆದದ್ದು ಊರ ಗಾಯರಾಣದ ಸಲುವಾಗಿ. ಕುರಿ ಮೇಯುವ ಆ ಬಯಲಿನಲ್ಲಿ ಕಲ್ಯಾಣಮಂಟಪ ಕಟ್ಟಿ ಬಾಡಿಗೆಗೆ ಬಿಡಬೇಕೆಂಬುದು ಸುನೀಲಕುಮಾರನ ಹವಣಿಕೆ. ಕುರಿಗಾರರ ಓಣಿ ಒಪ್ಪದೆ ಕೆಲಸ ಸಾಗುವಂತಿರಲಿಲ್ಲ. ಒಪ್ಪಬಾರದು ಎಂದು ಬೆಳಿಗ್ಗೆಯಷ್ಟೇ ಓಣಿಯವರೆಲ್ಲ ಮಾತಾಡಿಕೊಂಡಿದ್ದರು. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ರಂಗವ್ವನ ಗಂಡ ಲಕ್ಷ್ಮಪ್ಪ. "ನನ್ನ ಹೆಣದ ಮ್ಯಾಲೆ ಕಟ್ಟಲಿ!" ಎಂದು ತೊಡೆ ತಟ್ಟಿದ್ದ.

"ಇದು ಕಲ್ಯಾಣಮಂಟಪ ಅಲ್ಲರಿ, ಹಡೆದವ್ವನ ಉಡಿ!" ಸುನೀಲಕುಮಾರನ ದನಿ ಒಡೆಯಿತು. "ಇದಕ ಬ್ಯಾಡ ಅನ್ನಾವ ಅವ್ವನ ಎದಿಹಾಲು ಕುಡದಾವಲ್ಲ!"

ಬಾಡಿಗೆಯ ಮಾತೇ ಬರಲಿಲ್ಲ. ಕುರಿಯ ಮಾತಂತೂ ದೂರವೇ ಉಳಿಯಿತು. ಮನೆಯಲ್ಲಿ ಅವ್ವ ಒಂದು ತಂಬಿಗೆ ನೀರು ಕೇಳಿದರೆ ಗದರುವ ಗಂಡಸರು, ಮೀಸೆ ನರೆತವರು, ಇಲ್ಲಿ ಕೂಸುಗಳ ಹಾಗೆ ತುಟಿ ನಡುಗಿಸುತ್ತಿದ್ದರು. ಥೂ, ಇವರ ಗಂಡಸುತನಕ್ಕಿಷ್ಟು!

ರಂಗವ್ವ ಎದ್ದು ನಿಂತಳು. "ಮಾತು ಛಲೋ ಅದಾವ್ರಿ. ನಾಳಿಂದ ನಮ್ಮ ಕುರಿ ಎಲ್ಲಿ ಮೇಯಬೇಕು, ಅದನ್ನಷ್ಟು ಹೇಳ್ರಿ."

ಸುನೀಲಕುಮಾರ ಬಾಗಿ ಕೈಮುಗಿದ. "ಯವ್ವಾ, ನೀನೂ ನನಗ ಹಡೆದವ್ವ ಇದ್ದಾಂಗ. ಅವ್ವಗಿಂತ ಕುರಿ ಹೆಚ್ಚೇನಬೇ?"

ಚಪ್ಪಾಳೆ ಬಿತ್ತು. ಉತ್ತರ ಬರಲೇ ಇಲ್ಲವೆಂಬುದು ಒಬ್ಬರ ಲಕ್ಷ್ಯಕ್ಕೂ ಬರಲಿಲ್ಲ. "ಕುಂದರಬೇ, ನಾಚಿಕಿ ಬರಂಗಿಲ್ಲೇನು?" ಎಂದು ಹಿಂದಿನಿಂದ ಯಾರೋ ಗದರಿದರು.

ಅಷ್ಟರಲ್ಲಿ ಭಂಡಾರದ ತಟ್ಟೆ ಬಂತು. ಬೀರಪ್ಪನ ಮುಂದೆ ಆ ಅರಿಸಿನಪುಡಿಯನ್ನು ಹಣೆಗೆ ಹಚ್ಚಿಕೊಂಡರೆ ಮಾತು ಕೊಟ್ಟಂತೆ. ಆಮೇಲೆ ತಿರುಗಿಬೀಳುವ ಹಾಗಿಲ್ಲ. ತಟ್ಟೆ ಮುಂದೆ ಬಂದಾಗ ಬೇಡವೆಂದು ಕೈ ಹಿಂದೆಗೆದವನು ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಸುನೀಲಕುಮಾರನಿಗೆ ಅದು ಚೆನ್ನಾಗಿ ಗೊತ್ತಿತ್ತು. "ಅವ್ವನ ಹೆಸರಲೆ ಹಚ್ಕೋರಿ" ಎಂದನೇ ಹೊರತು ಜಾಗದ ಹೆಸರೆತ್ತಲಿಲ್ಲ, ಖದೀಮ.

"ಹಚ್ಕೋಬ್ಯಾಡ್ರಿ! ಕುರಿ ನೆನಸ್ಕೋರಿ!" ರಂಗವ್ವ ಗಂಡನಿಗೆ ಕೂಗಿ ಹೇಳಿದಳು.

ಲಕ್ಷ್ಮಪ್ಪ ಅವಳತ್ತ ತಿರುಗಿಯೂ ನೋಡಲಿಲ್ಲ. ಸತ್ತ ಅವ್ವನನ್ನು ನೆನೆದು ಹೋ ಎಂದು ಅಳುತ್ತ ಹಣೆ ತುಂಬ ಭಂಡಾರ ಬಳಿದುಕೊಂಡ. ಅವನೇ ಹಚ್ಚಿಕೊಂಡ ಮೇಲೆ ಉಳಿದವರೂ ತಡಮಾಡಲಿಲ್ಲ.

ಬೇಲಿಯ ಕಲ್ಲುಕಂಬ ಹೇರಿದ ಟ್ರ್ಯಾಕ್ಟರು ಗಾಯರಾಣದ ಅಂಚಿಗೆ ಮೊದಲೇ ಬಂದು ನಿಂತಿತ್ತು. "ಅವ್ವನ ಮಕ್ಕಳೆಲ್ಲ ಒಂದೀಟು ಕೈ ಹಚ್ಚರಿ" ಎಂದು ಸುನೀಲಕುಮಾರ ಕರೆದಾಗ ಎಲ್ಲರೂ ಎದ್ದು ಓಡಿದರು. ಮೊದಲ ಕಂಬಕ್ಕೆ ಹೆಗಲು ಕೊಟ್ಟವನು ಲಕ್ಷ್ಮಪ್ಪ. ರಂಗವ್ವ ಅಲ್ಲಿಗೆ ಹೋಗುವಷ್ಟರಲ್ಲಿ ಎರಡು ಕಂಬ ನೆಟ್ಟಾಗಿತ್ತು.

"ಭಾಳ ಚಂದ ಮಾತಾಡಿದ, ರಂಗೀ" ಎಂದ ಲಕ್ಷ್ಮಪ್ಪ, ಇನ್ನೂ ಬಿಕ್ಕುತ್ತ. "ಎಂಥಾವರ ಕಣ್ಣಾಗೂ ನೀರು ಬರಬೇಕು."

"ನಾಳಿ ಕುರಿ ಎಲ್ಲಿ ಹೊಡೀಲಿ?"

ಅವನು ಕೈಯ ಮಣ್ಣು ಕೊಡವಿಕೊಂಡ. ಬೆವರು, ಕಣ್ಣೀರಿನಲ್ಲಿ ಕಲೆತು ಅವನ ಮೂಗಿನವರೆಗೆ ಇಳಿದಿದ್ದ ಆ ಅರಿಸಿನವನ್ನು ಕಂಡು ಅವಳಿಗೆ ಹೇಸಿಕೆಯಾಯಿತು. ಆಚೆ ಮೇಯುತ್ತಿದ್ದ ಕುರಿಯೊಂದು ಅವನ ಗುರುತು ಹಿಡಿದು ಓಡಿ ಬಂತು. ಎರಡು ಕಂಬಗಳ ನಡುವೆ ತಲೆ ತೂರಿಸಿ, ಅವನ ಅಂಗೈಯನ್ನು ಮೂಸಿ ನೋಡಿತು.