ಬಾಯಿಂದ ಬಾರದ ಹೆಸರು

ಅದು ಹತ್ತಿ ಬಿಡಿಸುವ ಕಾಲ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಜನ ಮಸೀದಿಯಿಂದ ಹೊರಬೀಳುವ ಹೊತ್ತು. ಎರಡು ಸಾವಿರದ ಎಂಟನೆಯ ಇಸವಿಯ ದೀಪಾವಳಿ ಆಗಿ ಬಹಳ ದಿನ ಆಗಿರಲಿಲ್ಲ. ಗಜೇಂದ್ರಗಡದ ಗುಡ್ಡದ ನೆರಳು ನಮ್ಮ ಓಣಿಗೆ ಇಳಿಯುತ್ತಿತ್ತು. ನರಗುಂದದ ಬಸ್ಸಿಗೆ ಬಂದ ಹುಡುಗಿಯೊಬ್ಬಳು ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, "ಯಮನೂರಸಾಬ ಅಂದ್ರ ನೀವ ಏನ್ರಿ? ಇಲ್ಲಿ ಸಾಲಿ ನಡಸಾಕ ಜಾಗಾ ಕೊಡ್ತೀರಂತ ಕೇಳಿ ಬಂದೆ" ಅಂದಳು.

ನಾನು ಯಾರಿಗೂ ಹಾಗೆ ಹೇಳಿರಲಿಲ್ಲ. ಹೇಳಿದವಳು ಮೊಮ್ಮಗಳು ಜಬೀನ. ಒಲೆಯ ಮುಂದೆ ಕೂತು ಸೆರಗಿನಲ್ಲಿ ನಗುತ್ತಿದ್ದಳು.

ಆ ಅಂಗಳದಲ್ಲಿ ನಾವು ಪಿಂಜಾರರು ತಲೆಮಾರುಗಳಿಂದ ಹತ್ತಿ ಹಿಂಜಿ ಗಾದಿ ತುಂಬಿದವರು. ಪೇಟೆಗೆ ಹಿಂಜುವ ಯಂತ್ರ ಬಂದ ಮೇಲೆ ನನ್ನ ಬಿಲ್ಲು ಗೋಡೆಗೆ ನೇತುಬಿದ್ದಿತ್ತು, ಅಂಗಳ ಖಾಲಿ ಇತ್ತು. "ಕಲಸವ್ವ. ಬಾಡಿಗಿ ಬ್ಯಾಡ. ಮಳಿ ಬಂದ್ರ ಸೋರತೈತಿ, ಅದಕ್ಕ ಮಾತ್ರ ನಾ ಜವಾಬ್ದಾರ ಅಲ್ಲ" ಅಂದೆ.

ಅವಳ ಹೆಸರು ಐಶ್ವರ್ಯಾ. ಯಾವುದೋ ಸಂಸ್ಥೆಯವರು ನೇಮಿಸಿದ್ದರು. ಶನಿವಾರ ಮಧ್ಯಾಹ್ನ ಬಂದು ಸಂಜೆಯ ಬಸ್ಸಿಗೆ ಹೋಗುವಳು. ಮನೆಯ ದುಡ್ಡು ಬೇರೆ, ದಂಧೆಯ ದುಡ್ಡು ಬೇರೆ ಇಡುವುದು, ಬ್ಯಾಂಕಿನಲ್ಲಿ ತಲೆ ತಗ್ಗಿಸದೆ ಮಾತಾಡುವುದು, ಮಾಡಿದ ಮಾಲಿಗೆ ತಮ್ಮ ದುಡಿಮೆಯನ್ನೂ ಸೇರಿಸಿ ಬೆಲೆ ಕಟ್ಟುವುದು, ಇವನ್ನೆಲ್ಲ ಓಣಿಯ ಹರೆಯದವರಿಗೆ ಕಲಿಸುತ್ತಿದ್ದಳು. ಬಸ್ ನಿಲ್ದಾಣದ ಹಿಂದಿನ ಇಂಟರ್‌ನೆಟ್ ಅಂಗಡಿಗೆ ಕರೆದೊಯ್ದು ಇ-ಮೇಲ್ ಬರೆಯಿಸುತ್ತಿದ್ದಳು.

ಒಂದು ಸಲ ಎದುರು ಮನೆಯ ಶಬನಮ ಹಾರಿಕೊಂಡು ಬಂದಳು. "ಟೀಚರ್, ನನಗ ಲಂಡನ್ನಿನ ಲಾಟರಿ ಹತ್ತೈತ್ರಿ! ಮೇಲ್ ಬಂದೈತಿ."

"ಟಿಕೀಟು ಎಲ್ಲಿ ತಗೊಂಡಿದ್ದಿ?"

"ತಗೊಂಡಿಲ್ಲಲ್ರಿ."

"ಹಂಗಾರ ನಿನಗ ಹತ್ತಿದ್ದು ಲಾಟರಿ ಅಲ್ಲ, ಚೇಳು. ಕೈ ಕೊಡವಿ ಎದ್ದು ಬಾ."

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಜಬೀನ ಮಾತ್ರ ನಗಲಿಲ್ಲ. ಅವಳಿಗೆ ಆ ಪಾಠಗಳು ಹೊತ್ತು ಕಳೆಯುವ ಮಾತಾಗಿರಲಿಲ್ಲ.

ಅವಳ ಗಂಡ ನವಾಜ ಮದುವೆಗೆ ಮೊದಲಿನಿಂದ ಕಲ್ಲಿನ ಕ್ವಾರಿಯಲ್ಲಿ ದುಡಿದವನು. ಆ ವರ್ಷ ಮಳೆಗಾಲದಲ್ಲಿ ಅವನ ಕೆಮ್ಮು ಇಳಿಯಲೇ ಇಲ್ಲ. ಗದಗಿನ ಡಾಕ್ಟರು ಎದೆಯ ಚಿತ್ರ ತೆಗೆಸಿ ನೋಡಿ, "ಎದ್ಯಾಗ ಧೂಳ ಕುಂತೈತಿ. ಇನ್ನ ಧೂಳಿನ ಕೆಲಸಕ್ಕ ಹ್ವಾದ್ರ ಉಳಿಯಂಗಿಲ್ಲ" ಎಂದು ನೇರ ಹೇಳಿದ್ದರು. ಆದರೆ ಸುಮ್ಮನೆ ಕೂತರೆ ಹೊಟ್ಟೆಗೇನು? ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಜನ ಒಯ್ಯುವ ಮುಕಾದಮ ಅಯ್ಯಪ್ಪ ಬಂದು ಮುಂಗಡ ಕೊಟ್ಟು ಗಂಡ ಹೆಂಡಿರಿಬ್ಬರನ್ನೂ ತನ್ನ ಗುಂಪಿಗೆ ಹಿಡಿದಿದ್ದ. ಸಿಮೆಂಟು, ಜಲ್ಲಿ, ಮತ್ತೆ ಅದೇ ಧೂಳು. ಅಯ್ಯಪ್ಪ ಕೆಟ್ಟ ಮನುಷ್ಯನಲ್ಲ. ಜಬೀನ ಬೇಡಿಕೊಂಡಾಗ ಅವನು, "ಹೋಳಿ ಹುಣ್ಣಿವಿ ತನಾ ತಡೀತೀನಿ ತಂಗಿ. ಅಷ್ಟರಾಗ ನಿನ್ನ ದಂಧೆ ನಿಂತ್ರ ನನಗ ಖುಷಿನ. ನಿಲ್ಲಲಿಲ್ಲ ಅಂದ್ರ ಗಾಡಿ ಹತ್ತಬೇಕು" ಅಂದಿದ್ದ.

ಅವಳ ದಂಧೆ ಕೌದಿಯದು. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆ. ನಮ್ಮ ಕಡೆ ಅದನ್ನು ಮಾರುವ ರೂಢಿಯೇ ಇರಲಿಲ್ಲ. ಮನೆಯವರಿಗೆ ಹೊಲಿಯುವುದು, ಮಗಳಿಗೆ ಕೊಟ್ಟು ಕಳಿಸುವುದು. ಐಶ್ವರ್ಯಾ ಪುಣೆಯ ಒಂದು ಅಂಗಡಿಗೆ ಫೋಟೊ ಕಳಿಸಿದಳು. ಅಂಗಡಿಯವರು ಒಂದು ದೊಡ್ಡ ಗಂಟು ಕೌದಿ ಬೇಕೆಂದು ಬರೆದರು. ಮಾಲು ಮುಟ್ಟಿದ ಮೇಲೆ ದುಡ್ಡು ಬ್ಯಾಂಕಿಗೆ. ಅಂಗಳದಲ್ಲಿ ಜಬೀನ, ಶಬನಮ, ಹಿರಿಯಳಾಗಿ ಪಕ್ಕದ ಮನೆಯ ಕಲ್ಲವ್ವ, ಇನ್ನೂ ನಾಲ್ಕಾರು ಹೆಣ್ಣುಮಕ್ಕಳು ಕೂತು ಹೊಲಿಯತೊಡಗಿದರು.

ಪುಣೆಯವರ ಜೊತೆ ಪತ್ರ ವ್ಯವಹಾರಕ್ಕೆ ಗುಂಪಿನದೇ ಇ-ಮೇಲ್ ಆಗಬೇಕಿತ್ತು. ಅದಕ್ಕೊಂದು ಗುಟ್ಟಿನ ಶಬ್ದ ಬೇಕು, ಅದಿಲ್ಲದೆ ಪೆಟ್ಟಿಗೆ ತೆರೆಯುವುದಿಲ್ಲ ಎಂದು ಐಶ್ವರ್ಯಾ ತಿಳಿಸಿ ಹೇಳಿದಳು. "ಜಬೀನ, ಅದನ್ನ ನೀ ಒಬ್ಬಾಕಿನ ಇಟಗೋ. ನನಗೂ ಹೇಳಬ್ಯಾಡ. ನಿಮ್ಮಜ್ಜಗೂ ಬ್ಯಾಡ. ಜೀವ ಹ್ವಾದ್ರೂ ನಿನ್ನ ಬಾಯಿಂದ ಬರಬಾರದು, ಅಂಥಾ ಶಬ್ದ ಇರಲಿ."

ಜಬೀನ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಅವಳ ಮುಖ ಕೆಂಪಾಯಿತು. "ಐತ್ರಿ ಟೀಚರ್. ಅಂಥಾದ್ದೊಂದು ಐತಿ."

ಸಂಕ್ರಾಂತಿಯ ಮುಂದೆ ಮಾಲು ತಯಾರಾಯಿತು. ಕಳಿಸುವ ಮುನ್ನ ಊರವರೂ ಒಂದು ಸಲ ನೋಡಲಿ ಎಂದು ಅಂಗಳದಲ್ಲಿ ಹಗ್ಗ ಕಟ್ಟಿ ಕೌದಿಗಳನ್ನು ತೂಗುಹಾಕಿದರು. ಬಾಗಿಲ ಮೇಲೆ ಹಲಗೆ, ಹಲಗೆಯ ಮೇಲೆ ಗುಂಪಿನ ಹೆಸರು, ಕೆಳಗೆ ಇ-ಮೇಲ್ ವಿಳಾಸ. ಬಣ್ಣ ಹಚ್ಚಿದವನು ನವಾಜ. ಕೆಮ್ಮುತ್ತಾ ಏಣಿ ಇಳಿದು ದೂರ ನಿಂತು ನೋಡಿ, "ಅಜ್ಜಾ, ನಮ್ಮ ಮನಿಗೂ ಒಂದ ಅಡ್ರೆಸ್ ಆತು ನೋಡ್ರಿ" ಅಂದ. ಅವನು ನಕ್ಕಿದ್ದು ಎಷ್ಟೋ ತಿಂಗಳ ಮೇಲೆ.

ಆ ದಿನ ಜನ ಚೆನ್ನಾಗಿಯೇ ಬಂದರು. ಹೊಲಿಗೆ ಯಂತ್ರದ ಏಜೆಂಟನೆಂದು ಹೇಳಿಕೊಂಡ ಒಬ್ಬ ಪರವೂರಿನವನೂ ಬಂದಿದ್ದ. ಇಸ್ತ್ರಿ ಅಂಗಿ, ಕೈಯಲ್ಲಿ ಚೀಲ. ಎಲ್ಲರಿಗೂ ಚೀಟಿ ಹಂಚಿದ, ಚಹ ಕುಡಿದ, ಹಲಗೆಯ ಮೇಲಿನ ವಿಳಾಸ ಓದಿ ಬರೆದುಕೊಂಡ. ಗಿರಾಕಿ ಆಗಬಹುದೆಂದು ನಮಗೆ ಸಂತೋಷವೇ ಆಯಿತು.

ಆಗ ಕಲ್ಲವ್ವ ಕೌದಿಯ ಮುಂದೆ ಕೈ ಅಡ್ಡ ಹಿಡಿದು ನಿಂತಳು. "ಒಡಪ ಹಾಕದ ಒಬ್ಬಾಕಿನೂ ಗಂಟ ಕಟ್ಟಂಗಿಲ್ಲ!"

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕಲ್ಲವ್ವನ ಮಂದಿಯಲ್ಲೂ ಇಲ್ಲ, ನಮ್ಮ ಮಂದಿಯಲ್ಲೂ ಇಲ್ಲ. ಶುಭಕಾರ್ಯದ ದಿನ ಮಾತ್ರ ಹೀಗೆ ಅಡ್ಡಗಟ್ಟಿ, ಪದ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿಸುತ್ತಾರೆ. ಅದೇ ಒಡಪು. ಕಲ್ಲವ್ವ ತಾನೇ ಮೊದಲು ಹೇಳಿದಳು:

"ಜ್ವಾಳದ ರೊಟ್ಟಿಗೆ ಬೆಣ್ಣಿ ಹಚ್ಚೇನಿ, ಶಿವನಪ್ಪನ ಹೆಸರ ಹೇಳಾಕ ಯಾಕ ನಾಚೇನಿ!"

ಸಿಳ್ಳೆ, ಚಪ್ಪಾಳೆ. ಉಳಿದವರೂ ಹೇಳಿದರು. ಜಬೀನಳ ಸರದಿ ಬಂದಾಗ ಅವಳು ಬಾಯಿ ಹೊಲಿದುಕೊಂಡವಳಂತೆ ನಿಂತಳು.

"ಅನ್ನs, ಗಂಡ ಏನ ಓಡಿ ಹೋಗ್ತಾನು?" ಅಂದಳು ಕಲ್ಲವ್ವ.

"ಒಲ್ಲೆ ಅತ್ತಿ. ಇವತ್ತ ಬ್ಯಾಡ."

ಹೊಲಿಯುತ್ತ ಕೂತಾಗ ಶಬನಮ ಅವಳ ಗುಟ್ಟನ್ನು ಊಹಿಸಿದ್ದಳೋ, ಇಂಟರ್‌ನೆಟ್ ಅಂಗಡಿಯಲ್ಲಿ ಪಕ್ಕಕ್ಕೆ ಕೂತು ಬೆರಳು ನೋಡಿದ್ದಳೋ. ಚೇಷ್ಟೆಗೆ ಕೂಗಿದಳು: "ಆಕಿ ಬಾಯಿಲೆ ಅನ್ನಂಗಿಲ್ಲವಾ, ಬೆರಳಿಲೆ ಒತ್ತತಾಳ! ಮೇಲ್ ತಗಿಯೋ ಮುಂದ ದಿನಾ ಗಂಡನ ಹೆಸರs!"

ಅಂಗಳವೆಲ್ಲ ನಗು. "ನವಾಜಾ! ಏ ನವಾಜಾ! ನಿನ್ನ ಹೇಂತಿ ನಿನ್ನ ಪೆಟಿಗ್ಯಾಗ ಇಟ್ಟಾಳೊ!" ಎಂದು ಯಾರೋ ಒದರಿದರು. ಜಬೀನ ಸೆರಗು ಮುಖಕ್ಕೆ ಹಿಡಿದು ಒಳಗೆ ಓಡಿದಳು. ಏಜೆಂಟನೂ ಎಲ್ಲರ ಜೊತೆ ನಗುತ್ತಿದ್ದ. ಚಹದ ಕಪ್ಪು ಕೆಳಗಿಟ್ಟು, ಎಲ್ಲರಿಗೂ ಕೈ ಮುಗಿದು ಹೋದ.

ಮಾಲು ಪುಣೆಗೆ ಹೋಯಿತು. ಮುಟ್ಟಿತೆಂದು, ಚಲೋ ಇದೆಯೆಂದು ಮೇಲ್ ಬಂತು. ದುಡ್ಡು ಬರಲಿಲ್ಲ. ಜಬೀನ ದಿನಾಲೂ ಬ್ಯಾಂಕಿಗೆ ಹೋಗಿ ಬರುವಳು. ಬರುವಾಗ ಅವಳ ನಡಿಗೆ ನೋಡಿಯೇ ನನಗೆ ಗೊತ್ತಾಗುತ್ತಿತ್ತು, ಕೇಳುತ್ತಿರಲಿಲ್ಲ. ನವಾಜನ ಕೆಮ್ಮು ಗೋಡೆಯ ಆಚೆಯಿಂದ ಕೇಳುತ್ತಿತ್ತು. ಶಿವರಾತ್ರಿ ಬಂತು, ಹೋಯಿತು. ಓಣಿಯ ಹುಡುಗರು ಹೋಳಿಯ ಚರ್ಮದ ಹಲಗೆ ಕಾಯಿಸಿ ಬಾರಿಸತೊಡಗಿದರು. ಆ ಸಪ್ಪಳ ಕೇಳಿದಾಗೆಲ್ಲ ಜಬೀನಳ ಕೈಯ ಸೂಜಿ ನಿಲ್ಲುತ್ತಿತ್ತು.

ಕೊನೆಗೆ ಐಶ್ವರ್ಯಾ ಅಂಗಡಿಗೆ ಫೋನು ಮಾಡಿದಳು. ಅಂಗಳದ ನಡುವೆ ನಿಂತು ಮಾತಾಡುತ್ತಿದ್ದವಳು ಹಾಗೆಯೇ ನೆಲಕ್ಕೆ ಕೂತಳು.

"ಕೊಟ್ಟೇವಿ ಅಂತಾರ್ರಿ ಅಜ್ಜಾರ. ಖಾತೆ ಬದಲಾಗೈತಿ, ಇದರಾಗ ಹಾಕ್ರಿ ಅಂತ ನೀವ ಮೇಲ್ ಬರದೀರಿ, ನಿಮ್ಮ ಪೆಟಿಗ್ಯಾಗಿಂದನ ಬಂದೈತಿ, ಹಂಗs ಹಾಕೇವಿ ಅಂತಾರ."

ಇಂಟರ್‌ನೆಟ್ ಅಂಗಡಿಗೆ ಓಡಿದರು. ಪೆಟ್ಟಿಗೆಯಲ್ಲಿ ಆ ಪತ್ರ ಇತ್ತು. ಜಬೀನಳ ಹೆಸರಿನಲ್ಲಿ, ನಯವಾದ ಇಂಗ್ಲಿಷಿನಲ್ಲಿ. ಅವಳಿಗೆ ಅಷ್ಟು ಇಂಗ್ಲಿಷು ಬರುತ್ತಿರಲಿಲ್ಲ. ಆ ಖಾತೆ ಎಲ್ಲೋ ದೂರದ ರಾಜ್ಯದ್ದು, ದುಡ್ಡು ಬಿದ್ದ ದಿನವೇ ಬರಿದು ಮಾಡಿದ್ದಾರೆ ಎಂದು ಬ್ಯಾಂಕಿನವರು ವಿಚಾರಿಸಿ ಹೇಳಿದರು. ಏಜೆಂಟನ ಚೀಟಿಯ ಮೇಲಿನ ನಂಬರಿಗೆ ಫೋನು ಮಾಡಿದರೆ ಯಾರೋ ಎತ್ತಿ, ತಮ್ಮದು ಹಾಲಿನ ಡೇರಿ ಅಂದರು.

ಠಾಣೆಗೆ ನಾವು ನಾಲ್ವರು ಹೋದೆವು: ಜಬೀನ, ನವಾಜ, ಐಶ್ವರ್ಯಾ, ನಾನು. ಅಲ್ಲಿದ್ದ ಸಾಹೇಬರು ತಾಳ್ಮೆಯಿಂದಲೇ ಕೇಳಿಕೊಂಡರು.

"ಪಾಸ್‌ವರ್ಡ್ ಯಾರ್‍ಯಾರಿಗೆ ಹೇಳೀಯವ್ವ?"

"ಯಾರಿಗೂ ಹೇಳಿಲ್ರಿ. ಅಲ್ಲಾನ ಆಣಿ, ನನ್ನ ಬಾಯಿಂದ ಒಮ್ಮೆನೂ ಬಂದಿಲ್ರಿ."

"ಆತು. ಏನ ಇತ್ತು ಅದು?"

ಜಬೀನ ನೆಲ ನೋಡಿದಳು.

"ಹೇಳಬೇಕವ್ವ, ಕಂಪ್ಲೇಂಟಿನ್ಯಾಗ ಬರೀಬೇಕು."

ಅವಳ ತುಟಿಗಳು ಅಲುಗಿದವು. ಸದ್ದು ಹೊರಡಲಿಲ್ಲ. ಇಷ್ಟಾದ ಮೇಲೂ, ಎಲ್ಲ ಹೋದ ಮೇಲೂ ಅವಳಿಂದ ಆಗಲಿಲ್ಲ. ಕಣ್ಣೀರು ಗದ್ದದಿಂದ ಹನಿಯುತ್ತಿತ್ತು. ಆಗ ನವಾಜ ಕೆಮ್ಮು ತಡೆದುಕೊಂಡು ಮುಂದೆ ಬಂದ.

"ನನ್ನ ಹೆಸರ್ರಿ ಸಾಹೇಬ್ರ. ನವಾಜ."

ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ನಿಲ್ಲಿಸಿದ. "ಇದನ್ನ ಯಾಕ ಬೇ ಗುಟ್ಟು ಅಂದಿ? ನಿಮ್ಮ ಓಣ್ಯಾಗಿನ ನಾಯಿಗೂ ಗೊತ್ತೈತಲ್ಲ."

ಐಶ್ವರ್ಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹೊರಗೆ ಬೇವಿನ ಮರದ ಕೆಳಗೆ ಬಂದ ಮೇಲೆ ನನ್ನ ಮುಂದೆ ನಿಂತು, "ಬಾಯಿಂದ ಬರಬಾರದು ಅಂತ ಹೇಳಿದ್ನಿ ಅಜ್ಜಾರ. ಎಲ್ಲಾರಿಗೂ ಗೊತ್ತಿದ್ದದ್ದು ಇರಬಾರದು ಅಂತ ಹೇಳೂದ ಬಿಟ್ಟೆ. ನನಗ ಹೊಳೀಲೇ ಇಲ್ಲ" ಅಂದಳು.

"ಯಾರಿಗೆ ಹೊಳಿತಿತ್ತವಾ" ಅಂದೆ. ಅದು ಖರೆಯೇ. ಜಬೀನಳಿಗೆ ಅದಕ್ಕಿಂತ ದೊಡ್ಡ ಗುಟ್ಟು ಜಗತ್ತಿನಲ್ಲಿ ಇರಲಿಲ್ಲ. ತಾನು ಆಡದ ಮಾತನ್ನು ಇಡೀ ಓಣಿ ಬೆಳಗಿನಿಂದ ಸಂಜೆಯತನಕ ಆಡುತ್ತದೆಂಬುದು ಅವಳ ಲೆಕ್ಕಕ್ಕೆ ಬರಲಿಲ್ಲ.

ಶಬನಮ ನಮ್ಮ ಮನೆಯ ಬಾಗಿಲಿಗೆ ಬಂದು ತಲೆ ಚಚ್ಚಿಕೊಂಡಳು. ಜಬೀನ ಅವಳನ್ನು ಎಬ್ಬಿಸಿ ಒಳಗೆ ಕರೆದು ನೀರು ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಬಟ್ಟೆ ಕೊಳ್ಳಲು ಇದ್ದದ್ದೆಲ್ಲ ಹಾಕಿದ್ದರು. ಮತ್ತೊಂದು ಗಂಟು ಹೊಲಿಯಲು ಚಿಂದಿಯೂ ಉಳಿದಿರಲಿಲ್ಲ, ದಿನಗಳೂ ಉಳಿದಿರಲಿಲ್ಲ. ನಾನು ಗೋಡೆಯ ಮೇಲಿನ ಬಿಲ್ಲು ಇಳಿಸಿ ಪೇಟೆಯೆಲ್ಲ ತಿರುಗಿದೆ, ಗಾದಿಯ ಹತ್ತಿ ಹಿಂಜಿಕೊಡುತ್ತೇನೆಂದು. ಯಾರಿಗೂ ಬೇಕಾಗಿರಲಿಲ್ಲ.

ಹೋಳಿ ಸುಟ್ಟ ಮರುದಿನ ಅಯ್ಯಪ್ಪ ಬಂದ. ಕೇಳುವ ಮೊದಲೇ ಅವನಿಗೆ ಸುದ್ದಿ ಗೊತ್ತಿತ್ತು. "ಆತನ್ನ ಮ್ಯಾಲೆ ಹತ್ತಸಂಗಿಲ್ಲ, ಕೆಳಗs ನೀರ ಹೊಡ್ಯಾಕ ಹಚ್ಚತೀನಿ ತಂಗಿ. ನನ್ನ ಕೈಲಾಗೂದು ಅಷ್ಟs" ಅಂದ. ನೀರು ಹೊಡೆದರೂ ಧೂಳು ಧೂಳೇ. ಅದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಶನಿವಾರ ಐಶ್ವರ್ಯಾ ಬಂದಳು. ಪಾಠ ಇರಲಿಲ್ಲ. ಜಬೀನಳನ್ನು ಇಂಟರ್‌ನೆಟ್ ಅಂಗಡಿಗೆ ಕರೆದುಕೊಂಡು ಹೋಗಿ, "ಹೊಸಾ ಶಬ್ದ ಇಡು" ಅಂದಳಂತೆ. ಜಬೀನ ಇಟ್ಟಳಂತೆ. ಏನೆಂದು ಈ ಹೊತ್ತಿಗೂ ಯಾರಿಗೂ ಗೊತ್ತಿಲ್ಲ. ಆ ಪೆಟ್ಟಿಗೆಯಲ್ಲಿ ಇಡಲು ಈಗ ಏನೂ ಇರಲಿಲ್ಲ.

ಗೋವಾದ ಲಾರಿ ನಸುಕಿನಲ್ಲಿ ಬಂದು ರೋಣ ರಸ್ತೆಯಲ್ಲಿ ನಿಂತಿತು. ಹಾಸಿಗೆ, ಪಾತ್ರೆ, ಕೂಸುಗಳು, ಕೋಳಿ, ಎಲ್ಲ ಒಂದರ ಮೇಲೊಂದು. ಜಬೀನ ಮೇಲೆ ಹತ್ತಿ ಜಾಗ ಹಿಡಿದಳು. ನವಾಜ ಕೆಮ್ಮು ಬಂದು ರಸ್ತೆಯ ಆಚೆ ಗೋಡೆಗೆ ಕೈ ಊರಿ ಬಾಗಿದ್ದ. ಚಾಲಕನಿಗೆ ಅದು ಕಾಣಲಿಲ್ಲ. ಲಾರಿ ಹೊರಟೇಬಿಟ್ಟಿತು.

"ನಿಲ್ಲಸ್ರಿ! ಅವ್ರು ಉಳದಾರ್ರಿ! ಅವ್ರು!" ಜಬೀನ ಕೂಗಿದಳು. ಯಾರು ಅವರು? ಆ ಗದ್ದಲದಲ್ಲಿ ಯಾರ ಕಿವಿಗೂ ಹೋಗಲಿಲ್ಲ. ಅವಳು ಗಂಟುಗಳ ಮೇಲೆ ಎದ್ದು ನಿಂತಳು. ಸೆರಗು ಜಾರಿತು.

"ನವಾಜ!" ಎಂದು ಕಿರುಚಿದಳು. "ನವಾಜ! ಏ ನವಾಜ!"

ಲಾರಿ ನಿಂತಿತು. ಓಣಿಯ ಹೆಂಗಸರು ಅಲ್ಲೇ ಇದ್ದರು. ಕಲ್ಲವ್ವ ಇದ್ದಳು, ಶಬನಮ ಇದ್ದಳು. ಯಾರೂ ನಗಲಿಲ್ಲ, ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನವಾಜ ಬಾಯಿ ಒರೆಸಿಕೊಂಡು ಬಂದ. ಅಯ್ಯಪ್ಪ ಕೈ ಕೊಟ್ಟು ಎಳೆದುಕೊಂಡ. ಜಬೀನ ಸೆರಗು ಹೊದ್ದು ಅವನ ಪಕ್ಕಕ್ಕೆ ಕೂತಳು, ನನ್ನ ಕಡೆ ನೋಡಲಿಲ್ಲ.

ನನ್ನ ಮೊಮ್ಮಗಳು ಜಬೀನ ಮತ್ತು ಅವಳ ಗಂಡ ಊರು ಬಿಟ್ಟದ್ದು ಮರುವರ್ಷದ ಹೋಳಿ ಹುಣ್ಣಿಮೆ ದಾಟಿದ ಸೋಮವಾರ.