ಹದಿನಾಲ್ಕನೇ ನಂಬರಿನ ಅಂಗಿ

ಕೊಳಕೂರಿನ ಶಮಶಾದಳ ಹೊಲಿಗೆಗೆ ಹೆಸರಿಡುವವರು ಇನ್ನೂ ಹುಟ್ಟಿರಲಿಲ್ಲ. ಜೇವರ್ಗಿಯ ಆಫೀಸುಗಳಲ್ಲಿ ಕೆಲಸ ಮಾಡುವ ಹೆಂಗಸರು ಕೂಡ ಬಸ್ಸು ಹತ್ತಿ ಬಂದು, ಅವಳ ಪಡಸಾಲೆಯಲ್ಲಿ ಕೂತು, ಜಂಪರಿನ ಅಳತೆ ಕೊಟ್ಟು ಹೋಗುತ್ತಿದ್ದರು. ಒಂದು ಹೊಲಿಗೆ ಸೊಟ್ಟ ಹೋದರೆ ಇಡೀ ತೋಳು ಬಿಚ್ಚಿ ಮತ್ತೆ ಹೊಲಿಯುವ ಹಟಮಾರಿ ಹೆಣ್ಣು ಅದು. ಇಂಥವಳ ತೊಡೆಯ ಮೇಲೆ ಹದಿನಾಲ್ಕನೇ ನಂಬರಿನ ಆ ಅಂಗಿ ಬಂದು ಬೀಳಬೇಕೇ? ವಿಧಿಗೆ ಬೇರೆ ಕೆಲಸ ಇರಲಿಲ್ಲ ಅಂತ ಕಾಣುತ್ತದೆ.

ಅದನ್ನು ಅಂಗಿ ಅನ್ನುವುದೇ ತಪ್ಪು. ದಿಂಬಿನ ಗಲೀಫಿಗೆ ಎರಡೂ ಕಡೆ ಕತ್ತರಿ ಹಾಕಿ ಕೈ ತೂರಿಸಲು ತೂತು ಮಾಡಿದ್ದರು, ಅಷ್ಟೇ. ಕುತ್ತಿಗೆಗೆ ಒಂದು ರಿಬ್ಬನ್ನು. ಕೆಳಗಿನ ಅಂಚು ಒಂದು ಕಡೆ ಮೊಣಕಾಲಿಗೆ, ಇನ್ನೊಂದು ಕಡೆ ಮೀನಖಂಡಕ್ಕೆ. ಎದೆಯ ಮೇಲೆ ಕೆಂಪು ದಾರದಲ್ಲಿ ಹೊಲಿದ ಇಂಗ್ಲಿಷಿನ ಐದು ಅಕ್ಷರ ಐದು ದಿಕ್ಕಿಗೆ ವಾಲಿದ್ದವು. ಕ್ಲಾರಾ ಎಂದು ಓದಬೇಕಿತ್ತು.

ಈ ಕ್ಲಾರಾ ಕೆನಡಾ ದೇಶದ ಎಂಟು ವರ್ಷದ ಹುಡುಗಿ. ಅಲ್ಲಿ ಬೇಸಿಗೆ ರಜೆಗೆ ಚರ್ಚಿನ ಮಕ್ಕಳನ್ನೆಲ್ಲ ಎರಡು ವಾರ ಒಂದೆಡೆ ಕೂಡಿಸಿ, ಹಾಡು ಕಲಿಸಿ, ಕಥೆ ಹೇಳಿ, ದೂರದೇಶದ ಬಡಮಕ್ಕಳಿಗಾಗಿ ಏನಾದರೊಂದು ಮಾಡಿಸುತ್ತಾರಂತೆ. ಹೋದ ಬೇಸಿಗೆಯಲ್ಲಿ ಇಪ್ಪತ್ತು ಮಕ್ಕಳು ಇಪ್ಪತ್ತು ಅಂಗಿ ಹೊಲಿದಿದ್ದರು. ಒಂದು ಅಂಗಿಗೆ ಒಂದು ನಂಬರು, ಒಂದು ನಂಬರಿಗೆ ಇಲ್ಲಿಯ ಒಬ್ಬ ಹುಡುಗಿ. ಆ ಹುಡುಗಿಗೆ ಶಾಲೆ ಬೇಕೋ, ಔಷಧ ಬೇಕೋ, ಆಪರೇಶನ್ ಬೇಕೋ, ಅದನ್ನು ಚರ್ಚಿನವರು ಅಂಗಿ ಹೊಲಿದ ಮಗುವಿನ ಹೆಸರಿನಲ್ಲಿ ಮಾಡಿಸಿ ಕೊಡುವರು. ಈ ಬೇಸಿಗೆಯ ಶಿಬಿರದಲ್ಲಿ ಆ ಮಕ್ಕಳು ತಮ್ಮ ತಮ್ಮ ಅಂಗಿ ತೊಟ್ಟವರನ್ನು ವಿಡಿಯೋದಲ್ಲಿ ನೋಡಬೇಕು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಇದನ್ನು ನಡೆಸುತ್ತಿದ್ದವನು ಜೇವರ್ಗಿಯ ಒಂದು ಸಂಸ್ಥೆಯ ವ್ಯಂಕಟೇಶ ಸರ್.

ಶಮಶಾದಳ ಮಗಳು ಫರಹೀನಳಿಗೆ ಬೇಕಾದದ್ದು ಬಲಗೈ. ಮೂರು ವರ್ಷದವಳಿದ್ದಾಗ ಅಮ್ಮ ಆಗಷ್ಟೇ ಕೆಳಗಿಟ್ಟ ಇಸ್ತ್ರಿ ಪೆಟ್ಟಿಗೆಯ ಮೇಲೆ ಅಂಗೈ ಊರಿದ್ದಳು. ನಾಲ್ಕೂ ಬೆರಳು ಮಡಿಚಿ ಅಂಗೈಗೆ ಅಂಟಿಕೊಂಡವು, ಹಾಗೇ ಉಳಿದವು. ಈಗ ಅವಳಿಗೆ ಎಂಟು. ಸೊಲ್ಲಾಪುರದ ಡಾಕ್ಟರು ನೋಡಿ, "ಈ ವರ್ಷ ಬಿಡಿಸಿದರ ಬಿಡಿಸಿದಂಗ. ಮುಂದ ಎಲುಬು ಹಂಗೇ ಕೂತುಬಿಡ್ತಾವ, ಆಮ್ಯಾಲ ಬಂದು ನನ್ನ ಕೇಳಬ್ಯಾಡ್ರಿ" ಎಂದಿದ್ದರು. ಶಮಶಾದ ಈಗಲೂ ಅದೇ ಪೆಟ್ಟಿಗೆಯಿಂದ ಮಂದಿಯ ಜಂಪರು ಇಸ್ತ್ರಿ ಮಾಡುತ್ತಾಳೆ. ಪ್ರತಿ ಸಲ ಅದನ್ನು ಕೆಳಗಿಡುವ ಮುಂಚೆ ಮಗಳು ಎಲ್ಲಿದ್ದಾಳೆ ಅಂತ ನೋಡುತ್ತಾಳೆ.

ಅಂಗಿ ನೋಡಿದ ಕೂಡಲೇ ಅವಳ ಕೈ ಕಡಿಯತೊಡಗಿತು. ಕತ್ತರಿ ಎಲ್ಲಿ ಅಂತ ಹುಡುಕಿದಳು. ಅತ್ತೆ ಹುಸೇನಬೀ ಎಲೆ ಅಡಿಕೆ ಮೆಲ್ಲುತ್ತ ತಡೆದಳು.

"ಕೊಟ್ಟದ್ದು ಕೊಟ್ಟಂಗ ಹಾಕು ಬೇ. ಅವರು ಹೆಂಗರೆ ಹೊಲೀಲಿ, ನಿನಗ್ಯಾಕ ಉಸಾಬರಿ?"

"ಟೇಲರ್ ಮಗಳು ಗಲೀಫ ಹಾಕ್ಕೊಂಡು ನಿಂತ್ರ ನಾಳೆ ನನ್ನ ಹಂತ್ಯಾಕ ಯಾರು ಬರ್ತಾರ, ಅಮ್ಮಾ? ಅವರಿಗೂ ಖುಷಿ ಆಗ್ಲಿ. ನಾವು ಕೊಟ್ಟದ್ದು ಎಷ್ಟು ಛಂದಂಗ ಇಟ್ಕೊಂಡಾರ ಅನ್ಲಿ."

ಅಲ್ಲಿಗೆ ಮುಗಿಯಿತು, ಮುದುಕಿಯ ಮಾತು ಯಾರು ಕೇಳುತ್ತಾರೆ? ಎರಡು ದಿನ ಗಿರಾಕಿಗಳ ಬಟ್ಟೆ ಬದಿಗಿಟ್ಟು ಆ ಅಂಗಿಯ ಹಿಂದೆ ಬಿದ್ದಳು. ಬಗಲು ಹಿಡಿದಳು, ಸೊಂಟಕ್ಕೆ ನೆರಿಗೆ ಕೊಟ್ಟಳು, ಅಂಚು ನೆಟ್ಟಗೆ ಮಾಡಿದಳು, ಉಳಿದ ಬಟ್ಟೆಯಲ್ಲಿ ಪಫ್ ತೋಳು ಎಬ್ಬಿಸಿದಳು. ಸೊಟ್ಟ ಅಕ್ಷರವಿದ್ದ ಎದೆಯ ತುಂಡನ್ನು ಕತ್ತರಿಸಿ ತೆಗೆದು, ಅಲ್ಲಿ ಬೇರೆ ತುಂಡು ಕೂಡಿಸಿ ಸಣ್ಣ ಹೂವಿನ ಕಸೂತಿ ಹಾಕಿದಳು. ಕತ್ತರಿಸಿದ ತುಂಡಿನಿಂದ ಮಿಶಿನ್ನಿನ ಎಣ್ಣೆ ಒರೆಸಿ ಚಿಂದಿಯ ಗಂಟಿಗೆ ತುರುಕಿದಳು. ಫರಹೀನ ಅದನ್ನು ತೊಟ್ಟು ನಿಂತಾಗ ಹುಸೇನಬೀ ಕೂಡ ಎಲೆ ಅಡಿಕೆ ಮೆಲ್ಲುವುದು ಬಿಟ್ಟು ನೋಡಿದಳು.

ಸಂಸ್ಥೆಯ ಆಫೀಸು ಜೇವರ್ಗಿಯಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ. ಗುರುವಾರ ಸಂಜೆ ಏಳಕ್ಕೆ ಗೋಡೆಯ ಟೀವಿಯಲ್ಲಿ ಕೆನಡಾದ ಬೆಳಗು ಮೂಡಿತು. ಕೆಂಪು ಗಲ್ಲದ ಮಕ್ಕಳು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಕೈಯಲ್ಲೂ ತಾವು ಹೊಲಿದ ಅಂಗಿಯ ಫೋಟೋ. ಇಲ್ಲಿಂದ ಒಬ್ಬೊಬ್ಬ ಹುಡುಗಿ ಮುಂದೆ ಹೋಗಿ ನಿಂತರೆ ಅಲ್ಲಿ ಚಪ್ಪಾಳೆ. ಬಾಗಿಲ ಬಳಿ ನರ್ಮದಾ ಎಂಬವಳು ಮಗಳು ದೀಪಾಲಿಯನ್ನು ಕರೆದುಕೊಂಡು ಕೂತಿದ್ದಳು. ಕಿಣ್ಣಿ ಸುಲ್ತಾನದಿಂದ ಬಂದವರು. ದೀಪಾಲಿಯ ಎಡಗಣ್ಣಿನಲ್ಲಿ ಹೂವು ಬಿದ್ದು ದೃಷ್ಟಿ ಮಸುಕಾಗಿತ್ತು. ಅವಳು ಪಟ್ಟಿಯಲ್ಲಿ ಇಪ್ಪತ್ತೊಂದನೆಯವಳು, ಇದ್ದದ್ದು ಇಪ್ಪತ್ತೇ ಅಂಗಿ.

ಫರಹೀನ ಹೋಗಿ ನಿಂತಳು. ಕ್ಲಾರಾ ಫೋಟೋ ನೋಡಿದಳು, ಟೀವಿ ನೋಡಿದಳು, ಮತ್ತೆ ಫೋಟೋ ನೋಡಿದಳು. ಆಮೇಲೆ ಏನೋ ಅಂದಳು.

"ಇದು ನನ್ನ ಅಂಗಿ ಅಲ್ಲ ಅಂತಾಳ" ಎಂದ ವ್ಯಂಕಟೇಶ.

"ಅದೇ ಅದ್ರೀ ಸರ್. ಸ್ವಲ್ಪ ಛಂದ ಮಾಡೇನಿ ಅಂತ ಹೇಳ್ರಿ."

ಅವನು ಹೇಳಿದ. ಹೇಳದಿದ್ದರೇ ಚೆನ್ನಾಗಿತ್ತು. ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿತು. ಹಿಂದಿದ್ದ ಮೇಡಂ ಒಬ್ಬಳು ಅದನ್ನು ಎದೆಗೆ ಒತ್ತಿಕೊಂಡು, ನಗುಮುಖ ಬಿಡದೆಯೇ ನಾಲ್ಕು ಮಾತಾಡಿದಳು. ಟೀವಿ ಆರಿತು. ವ್ಯಂಕಟೇಶ ಇತ್ತ ತಿರುಗಿದ.

"ಏನ್ ಮಾಡಿಟ್ರಿ ಶಮಶಾದಬೀ? ಒಂದು ವರ್ಷದಿಂದ ಆ ಕೂಸು ಈ ಅಂಗಿ ದಾರಿ ಕಾಯಾಕತ್ತಿತ್ತು. ಹೊಲಿಗ್ಯಾಗ ಇಷ್ಟು ಹುನರ ಇದ್ದವರಿಗೆ ನಮ್ಮ ಮದತ್ ಯಾಕ ಬೇಕು ಅಂತ ಕೇಳಾಕತ್ತಾರ ಆ ಮೇಡಂ. ನಾ ಏನು ಹೇಳ್ಲಿ?"

ಶಮಶಾದಳ ಬಾಯಿಂದ ಬಂದದ್ದು ಒಂದೇ ಮಾತು, "ತಪ್ಪಾತ್ರಿ ಸರ್."

"ಮುಂದಿನ ಗುರುವಾರ ಮತ್ತ ಲೈನಿಗೆ ಬರ್ತಾರ. ಅಂಗಿ ಹೆಂಗ ಬಂದಿತ್ತೋ ಹಂಗೇ ಆಗಬೇಕು. ಆ ಹೆಸರಿನ ಸಮೇತ."

"ಮಾಡಿ ತರ್ತೇನ್ರಿ. ನನ್ನ ಮಗಳ ಆಪರೇಶನ್?"

"ಮೊದಲ ಅಂಗಿ ತರ್ರಿ. ಆಮ್ಯಾಲ ಮಾತಾಡೂಣು."

ಇದನ್ನು ಅವಳು ಹೂಂ ಅಂತಲೇ ಎಣಿಸಿದಳು. ಗರಜು ಇದ್ದವರು ಇನ್ನು ಹೇಗೆ ಎಣಿಸುತ್ತಾರೆ?

ಚಂದ ಹೊಲಿಯುವುದು ಅವಳಿಗೆ ಎಂದೂ ಕಷ್ಟವಾಗಿರಲಿಲ್ಲ. ಕೆಟ್ಟದಾಗಿ ಹೊಲಿಯಲು ಕೂತಾಗ ಬೆವರು ಕಿತ್ತುಕೊಂಡು ಬಂತು. ತೋಳು ಬಿಚ್ಚಿ ಬಟ್ಟೆಯನ್ನು ಮತ್ತೆ ಬದಿಗೆ ಕೂಡಿಸಿದಳು, ನೆರಿಗೆ ಬಿಚ್ಚಿದಳು, ಅಂಚನ್ನು ಬೇಕೆಂದೇ ಡೊಂಕು ಎಳೆದಳು. ಆದರೆ ಕೈ ಕೇಳಬೇಕಲ್ಲ! ನಾಲ್ಕು ಹೊಲಿಗೆ ಸೊಟ್ಟ ಹೋದರೆ ಐದನೆಯದು ತಾನೇ ನೆಟ್ಟಗಾಗುತ್ತಿತ್ತು. ಚಿಂದಿಯ ಗಂಟಿನಿಂದ ಆ ಹೆಸರಿನ ತುಂಡು ಸಿಕ್ಕಿತು. ಸೋಪು ಹಾಕಿ ಉಜ್ಜಿದರೂ ಎಣ್ಣೆಯ ಕರೆ ಹೋಗಲಿಲ್ಲ. ಹೊಸ ತುಂಡಿನ ಮೇಲೆ ಹೆಸರು ಹೊಲಿದಳು, ಬಿಚ್ಚಿದಳು. ಮತ್ತೆ ಹೊಲಿದಳು, ಮತ್ತೆ ಬಿಚ್ಚಿದಳು. ದೊಡ್ಡವರು ಮಕ್ಕಳನ್ನು ಅಣಕಿಸಿದ ಹಾಗೆ ಕಾಣುತ್ತಿತ್ತು.

ಫರಹೀನ ಹತ್ತಿರ ಬಂದು ಕೂತಳು. "ಅಮ್ಮಿ, ನಾ ಹೊಲೀಲೇನು? ನನಗ ನೆಟ್ಟಗ ಬರಂಗಿಲ್ಲಲ್ಲ."

ಶಮಶಾದ ಮಗಳ ಮಡಿಚಿದ ಬೆರಳು ನೋಡಿದಳು. ಆದರೂ ಸೂಜಿ ಕೊಟ್ಟಳು. ಹುಡುಗಿ ಮುಷ್ಟಿಯಾದ ಬಲಗೈಯಿಂದ ಬಟ್ಟೆ ಒತ್ತಿ ಹಿಡಿದು, ಎಡಗೈಯಲ್ಲಿ ಸೂಜಿ ಹಿಡಿದು, ನಾಲಿಗೆ ಕಚ್ಚಿಕೊಂಡು ಮೂರು ಸಂಜೆ ಕೂತು ಐದು ಅಕ್ಷರ ಹೊಲಿದಳು. ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು. ಹುಸೇನಬೀ ಎರಡೂ ತುಂಡುಗಳನ್ನು ಪಕ್ಕಪಕ್ಕ ಹಿಡಿದು, "ಹಳೇದು ಯಾವುದು, ಹೊಸದು ಯಾವುದು ಬೇ?" ಎಂದಳು. ಆ ವಾರದಲ್ಲಿ ಮನೆಯಲ್ಲಿ ನಕ್ಕದ್ದು ಅದೊಂದೇ ಸಲ. ಶಮಶಾದ ಹೊಸ ತುಂಡನ್ನು ಅಂಗಿಯ ಎದೆಗೆ ಕೂಡಿಸಿ, ಬೆಳೆಯುವ ಮಗು ಅಂತ ಬಗಲಿನ ಒಳಗೆ ಎರಡು ಬೆರಳಷ್ಟು ಬಟ್ಟೆ ಬಿಟ್ಟಳು. ಅಷ್ಟು ಮಾತ್ರ ಅವಳ ಕೈ ತಾನಾಗಿಯೇ ಮಾಡಿತು.

ಗುರುವಾರ ಫರಹೀನಳ ತಲೆಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, ಮಳೆಯ ಕೆಸರಿನಲ್ಲಿ ಅಂಗಿ ಕೆಟ್ಟೀತೆಂದು ಅದನ್ನು ಚೀಲದಲ್ಲಿಟ್ಟುಕೊಂಡು ಆಫೀಸಿಗೆ ಹೋದಳು. ವ್ಯಂಕಟೇಶ ಅಂಗಿ ಬಿಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದ. ಮುಖ ಅರಳಿತು.

"ಭಾಳ ಛಲೋ ಆತು." ಎಂದವನೇ ಬಾಗಿಲ ಕಡೆ ತಿರುಗಿ, "ದೀಪಾಲಿ, ಬಾ ಇಲ್ಲಿ" ಎಂದ.

ಶಮಶಾದ ಅಂಗಿಗೆ ಕೈ ಹಾಕಿದಳು. "ಸರ್, ಅದು ಫರಹೀನಂದು."

"ನಿಮ್ಮ ಹುಡುಗಿ ಮಾರಿ ಅವರು ನೋಡ್ಯಾರ್ರಿ. ಮತ್ತ ಆಕೀನ ನಿಂತ್ರ ಆ ಕೂಸು ಮತ್ತ ಅಳ್ತದ. ಈ ಅಂಗಿ ಇನ್ನೊಬ್ಬಾಕಿಗೆ ಕೊಡ್ರಿ ಅಂತ ಮೇಡಂನೇ ಹೇಳ್ಯಾರ."

"ಡಾಕ್ಟರ ಈ ವರ್ಷ ಅಂದಾರ್ರಿ ಸರ್. ಮುಂದ ಆಗಂಗಿಲ್ಲ ಅಂದಾರ."

"ಮುಂದಿನ ಬೇಸಗಿಗೆ ಮೊದಲನೇ ಹೆಸರ ನಿಮ್ಮದೇ ಬರೀತೇನಿ. ಮಾತು ಕೊಡ್ತೇನಿ, ಸಾಕಲ್ಲ?"

ಬಯ್ಯಬೇಕೆಂದು ಅವಳ ಬಾಯಿಗೆ ಎಷ್ಟೋ ಬಂತು. ಯಾರನ್ನು ಬಯ್ಯುವುದು? ನರ್ಮದಾ ತಲೆ ತಗ್ಗಿಸಿ ಮಗಳಿಗೆ ಅಂಗಿ ತೊಡಿಸುತ್ತಿದ್ದಳು. ಅವಳೂ ಒಬ್ಬ ತಾಯಿ, ಅವಳ ಮಗಳಿಗೂ ಕಣ್ಣು ಬೇಕು.

ದೀಪಾಲಿ ಫರಹೀನಳಿಗಿಂತ ಮೈಕೈ ತುಂಬಿಕೊಂಡ ಹುಡುಗಿ. ಅಂಗಿ ಬಗಲಿಗೆ ಸಿಕ್ಕಿಕೊಂಡಿತು.

"ಶಮಶಾದಬೀ, ಇದಿಷ್ಟು ಬಿಚ್ಚಿ ಕೊಡ್ರಿ. ಐದು ನಿಮಿಷದಾಗ ಲೈನ್ ಬರ್ತದ" ಎಂದ ವ್ಯಂಕಟೇಶ.

ಎದ್ದು ಹೋಗಬಹುದಿತ್ತು. ಕತ್ತರಿಯಿಂದ ಆ ಅಂಗಿಯನ್ನು ಚಿಂದಿ ಮಾಡಬಹುದಿತ್ತು. ಆದರೆ ಇವನನ್ನು ಎದುರು ಹಾಕಿಕೊಂಡರೆ ಮುಂದಿನ ಬೇಸಿಗೆಯೂ ಕೈ ತಪ್ಪುತ್ತದೆ ಎಂದು ಹೆದರಿದಳು. ಮುಂದಿನ ಬೇಸಿಗೆ ಯಾವ ಕೆಲಸಕ್ಕೂ ಬಾರದು ಎಂದು ಗೊತ್ತಿದ್ದೂ ಹೆದರಿದಳು. ನೆಲದ ಮೇಲೆ ಮಂಡಿಯೂರಿ, ಮಗಳ ಮೈ ಬೆಳೆಯಲಿ ಎಂದು ಬಿಟ್ಟಿದ್ದ ಎರಡು ಬೆರಳು ಬಟ್ಟೆಯನ್ನು ದೀಪಾಲಿಯ ಮೈಗೆ ಬಿಟ್ಟುಕೊಟ್ಟಳು. ಫರಹೀನ ಪಕ್ಕದಲ್ಲಿ ನಿಂತು ಬಟ್ಟೆಗೆ ಚುಚ್ಚಲು ಒಂದೊಂದಾಗಿ ಟಾಚಣಿ ಕೊಟ್ಟಳು.

ಟೀವಿ ಬೆಳಗಿತು. ಕ್ಲಾರಾ ಅಂಗಿ ಕಂಡದ್ದೇ ಕುಣಿದಾಡಿದಳು, ಅಲ್ಲಿಯ ಟೀವಿಯ ಹತ್ತಿರ ಓಡಿ ಬಂದು ಅಕ್ಷರಗಳನ್ನು ಬೆರಳಿನಿಂದ ಮುಟ್ಟಿದಳು. ಅಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ವ್ಯಂಕಟೇಶ ನಗುತ್ತ ಹೇಳಿದ, "ಈ ಹೆಸರ ನಾನೇ ಹೊಲಿದದ್ದು, ನನ್ನ ಕೈ ನನಗ ಗುರ್ತು ಸಿಗ್ತದ ಅಂತಾಳ ಕ್ಲಾರಾ."

"ಅಲ್ಲ, ಅದು ನಾ ಹೊಲಿದದ್ದು" ಎಂದಳು ಫರಹೀನ. ಹೆಮ್ಮೆಯಿಂದಲೇ ಎಂದಳು. ಶಾಲೆಯಲ್ಲಿ ಉತ್ತರ ಗೊತ್ತಿದ್ದಾಗ ಎತ್ತುವ ಹಾಗೆ ಬಲಗೈ ಎತ್ತಿ ಟೀವಿಯ ಎದುರಿಗೆ ಒಂದು ಹೆಜ್ಜೆ ಇಟ್ಟಳು. ಅತ್ತ ಮೇಡಂ ಕಣ್ಣು ಕಿರಿದು ಮಾಡಿ ನೋಡಿದಳು. ಇತ್ತ ವ್ಯಂಕಟೇಶ ಶಮಶಾದಳ ಕಡೆ ತಿರುಗಿ ಹುಬ್ಬು ಗಂಟಿಕ್ಕಿದ.

ಶಮಶಾದ ಮಗಳನ್ನು ಹಿಂದಕ್ಕೆ ಎಳೆದುಕೊಂಡು, ಮೇಲೆತ್ತಿದ ಆ ಕೈಯನ್ನು ತಾನೇ ಕೆಳಗಿಳಿಸಿ, ಸೆರಗಿನೊಳಗೆ ಮುಚ್ಚಿ ಹಿಡಿದಳು. ಟೀವಿ ಆರುವವರೆಗೂ ಬಿಡಲಿಲ್ಲ.